ಕರಾವಳಿಯ ಅಂಗಳದಲ್ಲಿ ಪ್ರಿಮ್ರೋಸ್

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಊಟಿಯಿಂದ ಎರಡು ಪ್ರಿಮ್ರೋಸ್ ಗಿಡಗಳನ್ನು ತಂದು ಅಂಗಳದಲ್ಲಿ ನೆಟ್ಟಿದ್ದೆ. ಒಂದು ತಿಂಗಳು ಹಳದಿ, ನೇರಳೆ ಹೂಗಳು ತುಂಬ ಚೆನ್ನಾಗಿ ಅರಳಿದವು. ಫೆಬ್ರವರಿಯಲ್ಲಿ ಎಲೆಗಳು ಬಾಡತೊಡಗಿದಾಗ ದಿನಕ್ಕೆ ಎರಡು ಬಾರಿ ನೀರೆರೆದೆ. ಆದರೂ ಬುಡ ಮೆತ್ತಗಾಗಿ ಎರಡೂ ಸತ್ತವು. ಆರೈಕೆಯಲ್ಲಿ ಏನು ತಪ್ಪಾಯಿತು?
– ಓದುಗರು, ಉಡುಪಿ

ಉತ್ತರ: ನಿಮ್ಮ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ, ಗಿಡಕ್ಕೆ ಒಗ್ಗದೆ ಹೋದದ್ದು ನಮ್ಮ ಸೆಕೆ. ಪ್ರಿಮ್ರೋಸ್ ಯುರೋಪಿನ ಕಾಡಂಚುಗಳಲ್ಲಿ ಚಳಿಗಾಲ ಮುಗಿಯುತ್ತಿದ್ದಂತೆ ಹೂ ಬಿಡುವ ಗಿಡ. ಗುಲಾಬಿಗೂ ಅದಕ್ಕೂ ನಂಟಿಲ್ಲದಿದ್ದರೂ ‘ಮೊದಲ ಗುಲಾಬಿ’ ಎಂಬ ಲ್ಯಾಟಿನ್ ಹೆಸರು ಅದಕ್ಕೆ ಬಂದದ್ದು ಇದರಿಂದಲೇ. ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಅದು ಸೊಗಸಾಗಿ ಬೆಳೆಯುತ್ತದೆ. ನಮ್ಮಲ್ಲಾದರೋ ಜನವರಿಯ ರಾತ್ರಿಯೇ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಗಲು 30 ದಾಟುತ್ತದೆ.

ಮಳೆಯೇ ಇದರ ಶತ್ರುವೆಂದು ಹಲವರು ತಿಳಿದಿದ್ದಾರೆ. ಆದರೆ ಇದೇ ಕುಲದ ಎಷ್ಟೋ ಜಾತಿಗಳು ಪೂರ್ವ ಹಿಮಾಲಯದ ಒದ್ದೆ ಹುಲ್ಲುಗಾವಲುಗಳಲ್ಲಿ ಮುಂಗಾರಿನ ಮಳೆಯಲ್ಲೇ ಹೂ ಬಿಡುತ್ತವೆ; ಅಲ್ಲಿನ ನೀರೂ ಗಾಳಿಯೂ ತಣ್ಣಗಿರುವುದರಿಂದ ಬೇರಿಗೆ ಹಾನಿಯಾಗುವುದಿಲ್ಲ. ಮಣ್ಣು ಬೆಚ್ಚಗಾಗಿ, ಅದರ ಮೇಲೆ ಸದಾ ತೇವವೂ ಇದ್ದರೆ ಬೇರು ಉಸಿರುಗಟ್ಟಿ, ಶಿಲೀಂಧ್ರ ತಗಲಿ ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಹೀರಲಾರದೆ ಎಲೆ ಬಾಡುತ್ತದೆ. ಅದನ್ನು ಬಾಯಾರಿಕೆಯೆಂದು ಬಗೆದು ಇನ್ನಷ್ಟು ನೀರೆರೆದರೆ ಕೊಳೆ ಬೇಗನೆ ಬುಡವನ್ನು ಮುಟ್ಟುತ್ತದೆ. ಬಾಡಿದ ಗಿಡಕ್ಕೆ ನೀರು ಹಾಕುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡುವ ಅಭ್ಯಾಸ ಯಾವ ಹೂಗಿಡಕ್ಕೂ ಒಳ್ಳೆಯದು.

ಮತ್ತೆ ತರುವ ಮನಸ್ಸಿದ್ದರೆ ಡಿಸೆಂಬರಿನ ಮೊದಲ ವಾರದಲ್ಲಿ, ಮೊಗ್ಗು ತುಂಬಿದ ಗಿಡವನ್ನೇ ತನ್ನಿ. ಕೆಂಪು ಮಣ್ಣು, ತರಗೆಲೆಯ ಹಳೆಯ ಗೊಬ್ಬರ ಮತ್ತು ಒಂದಿಷ್ಟು ದಪ್ಪ ಹೊಯಿಗೆ ಬೆರೆಸಿ ಮಣ್ಣಿನ ಕುಂಡದಲ್ಲಿ ನೆಡಿ. ಎಲೆಗಳ ನಡುವಿನ ಚಿಗುರು ಮಣ್ಣಿನಡಿ ಹುದುಗಬಾರದು. ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಪೂರ್ವದ ಜಗಲಿ ಇದಕ್ಕೆ ಸರಿಯಾದ ಜಾಗ. ಬಾಡಿದ ಹೂವನ್ನು ತೊಟ್ಟಿನ ಸಮೇತ ಬುಡದಲ್ಲೇ ಚಿವುಟಿ ತೆಗೆಯಿರಿ, ಬಸವನಹುಳುಗಳಿವೆಯೇ ಎಂದು ರಾತ್ರಿ ಒಮ್ಮೆ ನೋಡಿ. ಇಷ್ಟು ಮಾಡಿದರೂ ಮಾರ್ಚಿನ ಸೆಕೆಯನ್ನು ಅದು ದಾಟುವುದೆಂಬ ಭರವಸೆ ಬೇಡ. ಒಂದು ಚಳಿಗಾಲದ ಗಿಡವೆಂದೇ ಬೆಳೆಸಿ. ನನ್ನನ್ನು ಕೇಳಿದರೆ, ಆ ಅರೆನೆರಳಿನ ಜಾಗದಲ್ಲಿ ನಮ್ಮ ಅಬ್ಬಲಿಗೆಯನ್ನೇ ನೆಡಲು ಹೇಳುತ್ತೇನೆ: ಅದು ಈ ಸೆಕೆಯಲ್ಲೇ ಚಿಗುರಿ ತಿಂಗಳುಗಟ್ಟಲೆ ಹೂ ಕೊಡುತ್ತದೆ.

ಪ್ರಶ್ನೆ: ಪ್ರಿಮ್ರೋಸಿನ ಎಲೆ ಮುಟ್ಟಿದರೆ ಕೈ ತುರಿಸುವುದು ನಿಜವೇ? ಔಷಧದಂಗಡಿಯ ‘ಈವ್ನಿಂಗ್ ಪ್ರಿಮ್ರೋಸ್’ ಎಣ್ಣೆ ಇದೇ ಗಿಡದ್ದೇ?
– ಓದುಗರು, ಮಂಗಳೂರು

ಉತ್ತರ: ಕೆಲವರಿಗೆ ತುರಿಸುತ್ತದೆ. ಪ್ರಿಮುಲಾ ಆಬ್ಕೋನಿಕಾ ಎಂಬ, ಕುಂಡಗಳಲ್ಲಿ ಬೆಳೆಸುವ ಜಾತಿಯ ಎಲೆಯ ಸಣ್ಣ ರೋಮಗಳಲ್ಲಿ ಪ್ರಿಮಿನ್ ಎಂಬ ವಸ್ತುವಿದ್ದು, ಅದು ಒಗ್ಗದವರಿಗೆ ಕೆಂಪು ಗುಳ್ಳೆಗಳೇಳುತ್ತವೆ. ಪ್ರಿಮಿನ್ ಇಲ್ಲದ ತಳಿಗಳೂ ಈಗ ಬಂದಿವೆ. ಅಲರ್ಜಿಯಿರುವವರು ಕೈಗವಸು ಹಾಕಿಕೊಂಡೇ ಗಿಡವನ್ನು ಮುಟ್ಟಲಿ. ಎಣ್ಣೆಯ ಗಿಡ ಬೇರೆಯೇ. ಅದು ಸಂಜೆ ಹೂವರಳಿಸುವ, ಅಮೆರಿಕ ಖಂಡದ ಮೂಲದ ಈನೋಥೆರಾ. ಅದರ ಬೀಜದಿಂದ ಆ ಎಣ್ಣೆಯನ್ನು ತೆಗೆಯುತ್ತಾರೆ.