ತೀರ್ಥಹಳ್ಳಿ ಕಡೆಯ ಮನೆಗೆ ಕಾರ್ಖಾನೆಯಲ್ಲಿ ತಯಾರಾದ ಮರದ ಚೌಕಟ್ಟು: ವಾಸ್ತುಶಿಲ್ಪಿಗೆ ಏನು ಲಾಭ?

ತೀರ್ಥಹಳ್ಳಿ ಸಮೀಪದ ಮನೆಯೊಂದಕ್ಕೆ ಮರದ ಚೌಕಟ್ಟನ್ನು ಕಾರ್ಖಾನೆಯಲ್ಲೇ ಸಿದ್ಧಪಡಿಸಿ ತಂದು ನಿಲ್ಲಿಸಿದರೆ ವಾಸ್ತುಶಿಲ್ಪಿಯಾದ ನಿಮಗೇನು ಲಾಭ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಇದೇ ವೃತ್ತಿಯಲ್ಲಿರುವ ನನ್ನ ಉತ್ತರ: ನೀವು ಬರೆದ ನಕ್ಷೆಗೆ ಬೆಲೆ ಬರುತ್ತದೆ.

ಮಾಮೂಲಿ ಕಟ್ಟಡದಲ್ಲಿ ನಾವು ಎಷ್ಟೇ ಕರಾರುವಾಕ್ಕಾಗಿ ಬರೆದುಕೊಟ್ಟರೂ ಗೋಡೆ ಒಂದಿಂಚು ಅತ್ತಿತ್ತ ಆಗುತ್ತದೆ, ಗಾರೆ ಮೆತ್ತಿ ಸರಿಮಾಡುತ್ತಾರೆ. ಇಲ್ಲಿ ಆ ಮಾತೇ ಇಲ್ಲ. ನಿಮ್ಮ ಅಳತೆ ನೇರವಾಗಿ ಯಂತ್ರಕ್ಕೆ ಹೋಗುತ್ತದೆ. ತೊಲೆ, ಕಂಬ, ಜಂತಿಗಳು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, ತೂತು ಕೊರೆದು, ಸಂಖ್ಯೆ ಹಾಕಿಸಿಕೊಂಡು ಬರುತ್ತವೆ. ನಮ್ಮ ಕಡೆಯ ಹಳೆಯ ಮನೆ ಬಿಚ್ಚುವಾಗ ಕಂಬದ ತಲೆಯನ್ನೂ ಅದರ ಮೇಲೆ ಕೂತಿದ್ದ ತೊಲೆಯ ಅಡಿಯನ್ನೂ ಗಮನಿಸಿ. ಎರಡರಲ್ಲೂ ಆಚಾರಿ ಉಳಿಯಿಂದ ಹೊಡೆದ ಒಂದೇ ಬಗೆಯ ಗೆರೆಗಳನ್ನು ನಾನು ಕಂಡಿದ್ದೇನೆ. ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ಮೇಲೇರಿಸುವವರ ಗುರುತು ಅದು. ಮಲೆನಾಡಿಗೆ ಈ ಪದ್ಧತಿ ಹೊಸತಲ್ಲ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಸುರಿಯುತ್ತದೆ. ನೀವು ಬೇಸಿಗೆಯಲ್ಲೇ ತಳಪಾಯ ಮುಗಿಸಿಟ್ಟರೆ, ಹೊರಗೆ ಜಡಿಮಳೆ ಹಿಡಿದಾಗಲೂ ಚೌಕಟ್ಟಿನ ಕೆಲಸ ಸೂರಿನಡಿ ನಡೆದಿರುತ್ತದೆ. ಮಳೆ ಬಿಟ್ಟ ಕೂಡಲೇ ನಿಲ್ಲಿಸಿ ಹಂಚು ಹೊದಿಸಬಹುದು. ಮರವೂ ಭಟ್ಟಿಯಲ್ಲಿ ಒಣಗಿಯೇ ಬಂದಿರುತ್ತದೆ. ಮುಂದೆಯೂ ಅದರ ತೇವಾಂಶ ಶೇ. 20ರೊಳಗೆ ಉಳಿದರೆ ಕೊಳೆ ಹತ್ತುವುದಿಲ್ಲ. ಹಾಗಾಗಿ ಸೂರನ್ನು ಧಾರಾಳವಾಗಿ ಮುಂದಕ್ಕೆ ಚಾಚಿ, ಅಡಿಪಾಯ ಎತ್ತರಿಸಿ, ಕಂಬದ ಬುಡ ಎಂದೂ ಮಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಗೆದ್ದಲಿನ ಔಷಧಕ್ಕೆ ಚೌಕಾಸಿ ಮಾಡಲೇಬೇಡಿ.

ಮರವೆಂದರೆ ಸರ್ಕಾರದ ತಕರಾರು ಎಂಬ ಅಳುಕು ಹಲವರಿಗಿದೆ. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ 1993ರಿಂದ ಮರಕ್ಕೆ ಹಾಕಿದ್ದ ನಿಷೇಧವನ್ನು 2020ರಲ್ಲಿ ತೆಗೆದಿದೆ. ಬಲದ ಲೆಕ್ಕಕ್ಕೆ ಐಎಸ್ 883, ಅಂದರೆ ಕಟ್ಟಡದ ಮರದ ವಿನ್ಯಾಸಕ್ಕಿರುವ ಭಾರತೀಯ ಮಾನಕ, ಇದೆ. ಮರ ಎಲ್ಲಿಂದ ಬಂತು ಎಂಬ ಕಾಗದಪತ್ರ ಮಾತ್ರ ಕೈಯಲ್ಲಿರಲಿ.

ಒಂದು ಕಷ್ಟವೂ ಇದೆ. ಮರ ಕತ್ತರಿಸಿದ ಮೇಲೆ ಯಜಮಾನರು "ಕಿಟಕಿ ಸ್ವಲ್ಪ ಆಚೆ ಇರಲಿ" ಎಂದರೆ ದಾರಿಯಿಲ್ಲ. ಸ್ವಿಚ್‌ಬೋರ್ಡ್, ನೀರಿನ ಪೈಪು ಹಾಯುವ ತೂತು, ದೇವರಕೋಣೆಯ ಬಾಗಿಲು ಎಲ್ಲವನ್ನೂ ಮೊದಲೇ ತೀರ್ಮಾನಿಸಿ, ನಕ್ಷೆಗೆ ಅವರ ಸಹಿ ಹಾಕಿಸಿ. ಅದಕ್ಕೂ ಮುನ್ನ ಮನೆಯವರೆಗಿನ ದಾರಿ ಅಳೆಯಿರಿ. ತೋಟದ ನಡುವಿನ ಮಣ್ಣುರಸ್ತೆಯ ತಿರುವಿನಲ್ಲಿ ಎಷ್ಟುದ್ದದ ಲಾರಿ ಹೊರಳುತ್ತದೋ, ನಿಮ್ಮ ಅತಿ ಉದ್ದದ ತೊಲೆಯೂ ಅಷ್ಟಕ್ಕೇ ನಿಲ್ಲಬೇಕು.