ಆರ್‌ಎನ್‌ಎಯ ಒಂದೇ ಅಕ್ಷರಕ್ಕೆ ಗುರುತು ಹಚ್ಚಲು ಡಿಎನ್‌ಎ ಸಾಕಾ?

ಆರ್‌ಎನ್‌ಎ ಸರಪಳಿಯ ನಡುವಿನ ಒಂದೇ ಒಂದು ಅಕ್ಷರಕ್ಕೆ (ನ್ಯೂಕ್ಲಿಯೋಟೈಡಿಗೆ) ಹೊಳೆಯುವ ಬಣ್ಣ ಅಂಟಿಸಬೇಕು, ಪ್ರೋಟೀನ್ ಕಿಣ್ವ ಇಲ್ಲದೆ ಡಿಎನ್‌ಎಯಿಂದಲೇ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಹೇಳಿಕೊಡ್ತೀನಿ. ಈ ಪಾಠದ ದಿನ ಬೋರ್ಡ್ ಮೇಲೆ ಮೊದಲು ಬರೆಯೋದು 15 ಅಕ್ಷರ: ಜಿ ಜಿ ಸಿ ಟಿ ಎ ಜಿ ಸಿ ಟಿ ಎ ಸಿ ಎ ಎ ಸಿ ಜಿ ಎ. ವಿಜ್ಞಾನಿಗಳಾದ ಸ್ಯಾಂಟೊರೊ ಮತ್ತು ಜಾಯ್ಸ್ 1997ರಲ್ಲಿ ಪ್ರಕಟಿಸಿದ 10-23 ಎಂಬ ಡಿಎನ್‌ಎಝೈಮಿನ, ಅಂದರೆ ಕಿಣ್ವದಂತೆ ಕೆಲಸ ಮಾಡುವ ಡಿಎನ್‌ಎಯ, ತಿರುಳು ಇಷ್ಟೇ. ಎರಡೂ ಕಡೆ ನಿಮ್ಮ ಆರ್‌ಎನ್‌ಎಗೆ ಜೋಡಿಯಾಗುವ ತೋಳು ಸೇರಿಸಿ, ಮೆಗ್ನೀಸಿಯಮ್ ಕೊಟ್ಟರೆ, ಗೊತ್ತುಮಾಡಿದ ಜಾಗದಲ್ಲೇ ಆರ್‌ಎನ್‌ಎ ತುಂಡಾಗುತ್ತೆ. ಪ್ರಕೃತಿಯಲ್ಲಿ ಇಂಥ ಡಿಎನ್‌ಎ ಈವರೆಗೆ ಸಿಕ್ಕಿಲ್ಲ. ಎಲ್ಲವೂ ಪ್ರಯೋಗಾಲಯದಲ್ಲಿ ಕೋಟ್ಯಂತರ ಅಡ್ಡಾದಿಡ್ಡಿ ಸರಪಳಿಗಳಿಂದ ಸೋಸಿ ತೆಗೆದವು.

ನಿಮಗೆ ಬೇಕಿರೋದು ಕತ್ತರಿಸೋದಲ್ಲ, ಅಂಟಿಸೋದು. ಅದರ ನಿಜವಾದ ಕಷ್ಟ ಏನಂದ್ರೆ, ಆರ್‌ಎನ್‌ಎಯ ಪ್ರತಿ ಅಕ್ಷರದ ಸಕ್ಕರೆಯಲ್ಲೂ ಅದೇ 2-ಪ್ರೈಮ್ ಹೈಡ್ರಾಕ್ಸಿಲ್ (ಬಣ್ಣ ಅಂಟಿಸಬಹುದಾದ ಓಎಚ್ ಗುಂಪು) ಇರುತ್ತೆ. ಸಾಮಾನ್ಯ ರಾಸಾಯನಿಕಕ್ಕೆ ನೂರರಲ್ಲಿ ಒಂದನ್ನು ಆರಿಸೋ ದಾರಿಯೇ ಇಲ್ಲ. ವಿಜ್ಞಾನಿ ಸಿಲ್ವರ್‌ಮನ್ ಅವರ ತಂಡದ 10ಡಿಎಂ24 ಎಂಬ ಡಿಎನ್‌ಎಝೈಮ್ ಆರಿಸುತ್ತೆ: ತೋಳುಗಳು ಸುತ್ತಲಿನ ಅಕ್ಷರಗಳನ್ನು ಹಿಡಿದುಕೊಂಡು ಒಂದು ಅಡಿನೋಸಿನ್ (ಎ ಅಕ್ಷರ) ಅನ್ನು ಮಾತ್ರ ಜೋಡಿಯಿಲ್ಲದೆ ಬಿಡುತ್ತವೆ, ಅದರ ಹೈಡ್ರಾಕ್ಸಿಲ್ ಬಣ್ಣ ಹೊತ್ತ ಪುಟ್ಟ ಆರ್‌ಎನ್‌ಎಯ ತುದಿಯಲ್ಲಿರೋ ಟ್ರೈಫಾಸ್ಫೇಟಿಗೆ (ಮೂರು ಫಾಸ್ಫೇಟಿನ ಸಾಲಿಗೆ) ಕೂಡಿಕೊಳ್ಳುತ್ತೆ. ಮುಂದೆ ಹೋಬಾರ್ಟ್ನರ್ ತಂಡ ಟರ್ಬಿಯಮ್ ಅಯಾನು ಬಳಸಿ, ಬಣ್ಣ ಕಟ್ಟಿದ ಒಂಟಿ ಜಿಟಿಪಿಯನ್ನೇ (ಟ್ರೈಫಾಸ್ಫೇಟ್ ಹೊತ್ತ ಬಿಡಿ ಜಿ ಅಕ್ಷರ) ಅಂಟಿಸಿ ತೋರಿಸಿತು. ನನಗೆ ಇದೇ ಹೆಚ್ಚು ಇಷ್ಟ, ಗುರುತು ಚಿಕ್ಕದಾದಷ್ಟೂ ಆರ್‌ಎನ್‌ಎಯ ಮಡಿಕೆ ಕೆಡೋದು ಕಮ್ಮಿ.

ನಮ್ಮಂಥ ಊರಿನ ಲ್ಯಾಬಿಗೆ ಇದು ಹೊಂದುತ್ತೆ. ಒಣಗಿಸಿದ ಡಿಎನ್‌ಎ ಪುಡಿ ಏಪ್ರಿಲ್ ಬಿಸಿಲಲ್ಲಿ ಮಾಮೂಲಿ ಕೊರಿಯರ್‌ನಲ್ಲಿ ಬಂದರೂ ಏನೂ ಆಗಲ್ಲ. ಕೈಕೊಡೋದು ಆರ್‌ಎನ್‌ಎ. ಆರ್‌ಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸೋ ನಮ್ಮ ಮೊದಲ ಜೆಲ್‌ನಲ್ಲಿ ಎಲ್ಲ ಲೇನೂ (ಸಾಲೂ) ಮಸಿ ಬಳಿದ ಹಾಗಿತ್ತು. ವಾರವಿಡೀ ಡಿಎನ್‌ಎಝೈಮನ್ನೇ ಅನುಮಾನಿಸಿದ್ವಿ. ಆಮೇಲೆ ನೋಡಿದರೆ ಡಿಎನ್‌ಎ ಹಾಕದ ಲೇನ್‌ನಲ್ಲೂ ಆರ್‌ಎನ್‌ಎ ಪುಡಿಪುಡಿ. ಗ್ಲೌಸ್ ಇಲ್ಲದೆ ಯಾರೋ ಪಿಪೆಟ್ ಟಿಪ್ ಡಬ್ಬಿ ಮುಟ್ಟಿದ್ದರು, ಚರ್ಮದ ಮೇಲಿನ ಆರ್‌ಎನ್‌ಎ ಕತ್ತರಿಸೋ ಕಿಣ್ವ ಅದರಲ್ಲಿ ಸೇರಿತ್ತು.

ಹಾಗಾಗಿ ಬರೀ ಆರ್‌ಎನ್‌ಎಯದ್ದೊಂದು, ಮೆಗ್ನೀಸಿಯಮ್ ಇಲ್ಲದ್ದೊಂದು, ಎರಡು ಲೇನ್ ತಪ್ಪದೆ ಓಡಿಸಿ. ನಿಮ್ಮ ಸೀಕ್ವೆನ್ಸ್‌ನಲ್ಲಿ ಬಣ್ಣ ಬೇಕಾದ ಜಾಗದ ಹತ್ತಿರ ಅಡಿನೋಸಿನ್ ಎಲ್ಲಿದೆ ಅಂತ ಹೇಳಿ, ತೋಳುಗಳನ್ನು ನಾನು ಬರೆದುಕೊಡ್ತೀನಿ.