ಲಿಸ್ಬನ್‌ನಲ್ಲಿ ಎರಡೇ ದಿನ ಇದ್ದರೆ ಏನು ನೋಡಬೇಕು, ಏನು ತಿನ್ನಬೇಕು?

ಅರ್ಧ ದಿನ ಊರಿನ ಬೆಲೆಂ ಅನ್ನುವ ಬಡಾವಣೆ ಕಡೆಗೆ ಇಡಿ, ಸೋಮವಾರ ಮಾತ್ರ ಬೇಡ, ಜೆರೋನಿಮೋಸ್ ಮಠ ಅವತ್ತು ಮುಚ್ಚಿರುತ್ತದೆ. ಅದರ ಚರ್ಚಿನಲ್ಲೇ ವಾಸ್ಕೋ ಡ ಗಾಮನ ಸಮಾಧಿ ಇರುವುದು, 1498ರಲ್ಲಿ ಕಲ್ಲಿಕೋಟೆಗೆ ಬಂದ ಅಂತ ಶಾಲೆಯಲ್ಲಿ ಓದಿದ್ದೆವಲ್ವಾ, ಅದೇ ಗಾಮ. ಹತ್ತಿರದಲ್ಲೇ 1837ರಿಂದ ನಡೆಯುತ್ತಿರುವ ಪಾಸ್ತೆಯಿಶ್ ದ ಬೆಲೆಂ ಅಂಗಡಿ. ಬಿಸಿ ಕಸ್ಟರ್ಡ್ ಟಾರ್ಟ್ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ಅಲ್ಲೇ ತಿನ್ನಿ, ಆರಿದರೆ ಆ ರುಚಿ ಇರಲ್ಲ. ಮೊಟ್ಟೆ ಹಾಕಿರುತ್ತಾರೆ.

ಹಳೇ ಊರಿನ ಓಣಿಗಳಲ್ಲಿ ಸಾಗುವ 28ನೇ ನಂಬರ್ ಟ್ರ್ಯಾಮನ್ನು ಬೆಳಗ್ಗೆ ಬೇಗ ಹತ್ತಿ. ಆಮೇಲೆ ನೂಕುನುಗ್ಗಲು ಜಾಸ್ತಿ, ಜೇಬು ಜೋಪಾನ.

ಹೋಟೆಲಿನಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ, ಬೇಡದಿದ್ದರೆ ಮುಟ್ಟದೆ ವಾಪಸ್ ಕಳಿಸಿ. ಸಸ್ಯಾಹಾರಿಗಳು ಸೊಪ್ಪಿನ ಸೂಪನ್ನೂ ಕೇಳಿಯೇ ತರಿಸಿಕೊಳ್ಳಿ, ಅದರಲ್ಲಿ ಸಾಮಾನ್ಯವಾಗಿ ಸಾಸೇಜ್ ತುಂಡು ಇರುತ್ತದೆ.